ಪಾಸ್ ಇಲ್ಲದವರನ್ನು ತಡೆಯುವ ವಿದ್ಯೆ

ನನಗೆ ಸಿಟ್ಟು ಬರುವುದೇ ಅಪರೂಪ ಎಂದು ಬರೆದರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ ನಕ್ಕಾಳು. ಬರುತ್ತದೆ, ದಿನಾ ಬರುತ್ತದೆ. ಆದರೆ ಕಾದ ಕಾವಲಿಗೆ ಚಿಮುಕಿಸಿದ ನೀರಿನಂತೆ ಚುಂಯ್ ಎಂದು ಅಲ್ಲೇ ಆರಿಹೋಗುತ್ತದೆ. ಒಂದೇ ಒಂದು ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಆರಿಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂಬುದೂ ಇನ್ನೂ ತೀರ್ಮಾನವಾಗಿಲ್ಲ.

ನಾನು ಕೊಪ್ಪದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟರು. ಉಳಿದ ಮೇಷ್ಟರುಗಳ ಲೆಕ್ಕದಲ್ಲಿ ಪೀಪಿ ಊದುವವನು. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಲೇ ತಲೆ ಬೆಳ್ಳಗಾದ ನನಗೆ ಇದ್ದದ್ದು ಒಂದೇ ಆಸೆ: ಒಂದು ದೊಡ್ಡ ಕ್ರೀಡಾಂಗಣದಲ್ಲಿ ನಿಂತು, ಬೇರೆ ಬೇರೆ ದೇಶದ ಓಟಗಾರರು ಓಡುವುದನ್ನು ಕಣ್ಣಾರೆ ನೋಡಬೇಕು. ಗುಡ್ಡ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದ ಆ ದಿನಗಳಲ್ಲಿ, ಹೈದರಾಬಾದಿನಲ್ಲಿ ಅಂಥದೊಂದು ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯುವುದಿತ್ತು. ಅದಕ್ಕೆ ಸ್ವಯಂಸೇವಕರು ಬೇಕೆಂದು ಸುತ್ತೋಲೆ ಬಂತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಒಂದು ತಂಡ, ತಂಡದ ಜೊತೆಗೆ ಮುಖ್ಯಸ್ಥರಾಗಿ ಒಬ್ಬ ಮೇಷ್ಟರು. ನಾನಲ್ಲದೆ ಇನ್ಯಾರು? ಅಟ್ಟದ ಮೇಲಿದ್ದ ಸೂಟ್‌ಕೇಸನ್ನು ಅವತ್ತೇ ಇಳಿಸಿ ಧೂಳು ಒರೆಸಿದೆ.

ಹುಡುಗರನ್ನು ಸೇರಿಸುವುದೇನು ಸುಲಭವೇ? ಮೂರೂ ಊರಿನ ಬಸ್ಸುಗಳಲ್ಲಿ ನೇತಾಡಿದೆ. ಹಿರೇಕೊಡಿಗೆಯ ಯಜಮಾನರೊಬ್ಬರು ನನ್ನ ಭಾಷಣವನ್ನೆಲ್ಲ ಕೇಳಿ, ಎಲೆ ಅಡಿಕೆ ಉಗಿದು ಬಂದು ಹೇಳಿದರು: "ಸಂಬಳ ಇಲ್ಲ ಅಂತೀರಿ. ಸಂಬಳ ಇಲ್ದೆ ದುಡಿಯಕ್ಕೆ ಹೈದರಾಬಾದ್ ಎಂತಕ್ಕೆ ಮಾರಾಯ್ರೇ? ಇಲ್ಲೇ ನಮ್ಮನೇಲೇ ಬೇಕಾದಷ್ಟಿದೆ, ಮಾಡ್ಲಿ." ಅವರ ಮಗ ಮಾತ್ರ ಬಂದ. ತಾನೇ ಓಡಬೇಕಾಗುತ್ತದೆ ಎಂದುಕೊಂಡಿದ್ದನಂತೆ.

ತರಬೇತಿ ಕೊಡಲು ಬೆಂಗಳೂರಿನಿಂದ ಟೈ ಕಟ್ಟಿದ ಸಾಹೇಬರೊಬ್ಬರು ನರಸಿಂಹರಾಜಪುರಕ್ಕೆ ಬಂದರು. ದಾರಿ ತೋರಿಸುವಾಗ ಬೆರಳು ತೋರಿಸಬಾರದು, ಅಂಗೈ ಚಾಚಬೇಕು. ಸದಾ ನಗುತ್ತಿರಬೇಕು. ಇಷ್ಟನ್ನೂ ಅವರು ಒಮ್ಮೆಯೂ ನಗದೆ ಕಲಿಸಿದರು. ನಗುವುದು ಹೇಗೆಂದು ಹೇಳಿಸಿಕೊಳ್ಳುವ ಗತಿ ನಮಗೆ ಬಂತಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಬಂತು ಗೇಟಿನ ಪಾಠ. ಸಭಾಂಗಣದ ಬಾಗಿಲಿಗೆ ಹಗ್ಗ ಕಟ್ಟಿದರು. ಪಾಸ್ ಇಲ್ಲದ ಪ್ರೇಕ್ಷಕನಾಗಿ ಸಾಹೇಬರೇ ಬರುತ್ತಾರೆ, ತಡೆದು ವಾಪಸು ಕಳಿಸಬೇಕು, ಅಷ್ಟೇ. ಮೊದಲು ನಿಂತವಳು ಶೃಂಗೇರಿಯ ಸುಮನಾ. "ಪಾಸ್ ಇಲ್ವಾ ಸಾರ್? ಅಯ್ಯೋ, ಅಷ್ಟು ದೂರದಿಂದ ಬಂದೀರಿ. ಬನ್ನಿ, ಮೊದ್ಲು ಕೂತ್ಕಳಿ, ಆಮೇಲೆ ನೋಡನ" ಎಂದು ಹಗ್ಗ ಎತ್ತಿ ಹಿಡಿದಳು. ಎರಡನೆಯವನು ಊಟ ಆಯಿತಾ ಎಂದು ಕೇಳಿದ. ಹಿರೇಕೊಡಿಗೆಯವನಂತೂ ಸಾಹೇಬರ ಕೈಯ ಬ್ಯಾಗು ಇಸಿದುಕೊಂಡು ಮುಂದೆ ಮುಂದೆ ನಡೆದೇಬಿಟ್ಟ.

"ಇದು ಸ್ಟೇಡಿಯಂ ರೀ, ಮದುವೆ ಮನೆ ಅಲ್ಲ!" ಎಂದು ಸಾಹೇಬರು ಕಿರುಚಿದರು. ಇದರದೇ ಪರೀಕ್ಷೆ ಬೇರೆ ಇತ್ತು, ಅದರಲ್ಲಿ ತಂಡ ಪಾಸಾಗದಿದ್ದರೆ ನನ್ನ ಹೈದರಾಬಾದೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾರಾಯ್ತಿ ನೀನು! ತಡಿ ಅಂದ್ರೆ ಕರೀತೀಯಲ್ಲ!" ಎಂದು ಸುಮನಾಳ ಮೇಲೆ ಹರಿಹಾಯ್ದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಬಾಗ್ಲಿಗೆ ಬಂದೋರನ್ನ ಹೋಗಿ ಅನ್ನದು ಹೆಂಗೆ ಸಾರ್? ಬಾಯೇ ಬರದಿಲ್ಲ" ಎಂದಳು. ಊಟದ ಪಂಕ್ತಿಯಲ್ಲಿ ಯಾರು ಕೂತರೂ ನೀನ್ಯಾರೆಂದು ಕೇಳದ ಊರಿನವಳು. ಆದರೆ ನ್ಯಾಯ ಅನ್ಯಾಯ ನೋಡುವ ತಾಳ್ಮೆ ನನಗೆಲ್ಲಿತ್ತು?

ಮರುವಾರದ ಪರೀಕ್ಷೆಯವರೆಗೂ ಅವರನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿ ಅರೆದೆ. ನಾನೇ ಪಾಸ್ ಇಲ್ಲದವನಾಗಿ ಬಂದು ಗೋಗರೆದೆ, ಅತ್ತೆ, ಎದೆನೋವು ಬಂದವನಂತೆ ಕುಸಿದೆ. ಕರಗಿದವರಿಗೆಲ್ಲ ಮೈದಾನಕ್ಕೆ ಸುತ್ತು ಹಾಕಿಸಿದೆ. ಪರೀಕ್ಷೆಯ ದಿನ ಒಬ್ಬೊಬ್ಬರೂ ಕಲ್ಲಿನಂತೆ ನಿಂತು "ಪಾಸ್ ಪ್ಲೀಸ್" ಎಂದರು. ತಂಡಕ್ಕೆ ತಂಡವೇ ಪಾಸು!

"ಈಗ ಮುಖ್ಯಸ್ಥರ ಸರದಿ" ಎಂದರು ಸಾಹೇಬರು. ಆಕಾಂಕ್ಷಿಗಳು ಇಬ್ಬರು: ನಾನು, ನಮ್ಮ ಇಂಗ್ಲಿಷ್ ಮೇಷ್ಟರು. ಅವರು ಕಣ್ಣು ಮಿಟುಕಿಸದೆ ತಡೆದು ಪಾಸಾದರು. ಆಗದೆ ಏನು? ಅವರ ಮನೆಯ ಗೇಟು ತೆರೆದಿದ್ದನ್ನು ಹಾಲಿನವನೂ ನೋಡಿಲ್ಲ. ನನ್ನ ಸರದಿಗೆ ಸಾಹೇಬರು ತಮ್ಮ ಜೀಪಿನ ವಯಸ್ಸಾದ ಡ್ರೈವರನ್ನು ಕಳಿಸಿದರು. ಆತ ಮೆಲ್ಲಗೆ ಬಂದು, ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಂಡು, "ಬಾಳೆಹೊನ್ನೂರಿಂದ ನಿಂತ್ಕಂಡೇ ಬಂದೆ ಸ್ವಾಮಿ, ಬಸ್ಸಲ್ಲಿ ಸೀಟೇ ಸಿಗ್ಲಿಲ್ಲ" ಎಂದ. ನಾಟಕವೆಂದು ನನಗೆ ಗೊತ್ತಿತ್ತು. ಪಾಸ್ ಎನ್ನಲು ಬಾಯಿ ತೆರೆದೆ. "ಅಯ್ಯೋ ದೇವ್ರೇ, ಅಷ್ಟು ದೂರ ನಿಂತೇ ಬಂದ್ರಾ?" ಎಂದು ಬಿತ್ತು ಮಾತು. ಹಿಂದಿನಿಂದ ಸುಮನಾ, "ಸಾರ್, ಪಾಸ್ ಕೇಳಿ, ಪಾಸ್!" ಎಂದು ಕೂಗುವಷ್ಟರಲ್ಲಿ ನನ್ನ ಕೈಗಳು ಹಗ್ಗದ ಗಂಟು ಬಿಚ್ಚಿ ಮುಗಿಸಿದ್ದವು.

ಹೈದರಾಬಾದಿಗೆ ಇಂಗ್ಲಿಷ್ ಮೇಷ್ಟರು ಹೋದರು. ಬಂದು, "ಓಟಗೀಟ ಎಂತದೂ ನೋಡ್ಲಿಲ್ಲ ಮಾರಾಯ್ರೇ, ಸೆಕೆ ಅಂತ ಎಸಿ ರೂಮಲ್ಲೇ ಇದ್ದೆ" ಎಂದರು! ಅವತ್ತು ನಾನು ಊಟ ಬಿಟ್ಟೆ. ಆ ಟೈ ಸಾಹೇಬ ಎಂದಾದರೂ ಕೈಗೆ ಸಿಗಲಿ ಎಂದು ಹಲ್ಲು ಕಡಿದೆ.

ಸಿಕ್ಕಿದರು. ಮರುವರ್ಷ ಕುಟುಂಬ ಸಮೇತ ಶೃಂಗೇರಿಗೆ ಹೊರಟವರು ಸರಿಯಾಗಿ ಊಟದ ಹೊತ್ತಿಗೆ ನಮ್ಮ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದರು. ಕೇಳಬೇಕಾದ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ದಾಪುಗಾಲು ಹಾಕುತ್ತ ಹೋದೆ, ಗೇಟು ಹಿಡಿದೆ, ತೆರೆದೆ. "ಬನ್ನಿ ಬನ್ನಿ, ಮಕ್ಕಳು ಹಸ್ದಿರ್ತಾವೆ" ಎಂದೆ. ಉಣ್ಣುತ್ತ ಉಣ್ಣುತ್ತ ಸಾಹೇಬರು ಮೊಟ್ಟಮೊದಲ ಬಾರಿಗೆ ನಕ್ಕು, "ನೀವು ಈಗಲೂ ಫೇಲೇ ಮೇಷ್ಟ್ರೇ" ಎಂದರು. ನನಗೆ ಎಂಥ ಸಿಟ್ಟು ಬಂತೆಂದರೆ, ಅವರು ಬೇಡ ಬೇಡ ಎಂದು ಎಲೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ, ಇನ್ನೊಂದು ಸೌಟು ಪಾಯಸ ಸುರಿದೇಬಿಟ್ಟೆ.