ಸೌತೆಕಾಯಿಯ ಸಾಲಿನಲ್ಲಿ ನಾಲ್ಕು ಟಿಬಿ

ಸವಣೂರಿನ ಶ್ಯಾಮಣ್ಣನವರಿಗೆ ಹೆಂಡತಿ ಗೋದಾವರಿಯ ಮೇಲಿದ್ದ ದೂರು ಒಂದೇ: ಅವಳು ಬೀಜ ಹಂಚುತ್ತಾಳೆ. ಪ್ರತಿವರ್ಷ ಅಲಸಂಡೆ, ಹೀರೆಯ ಬೀಜ ಒಣಗಿಸಿ, ಬೂದಿ ಬೆರೆಸಿ, ಅರ್ಧವನ್ನು ಪೊಟ್ಟಣ ಕಟ್ಟಿ ಪಕ್ಕದ ಮನೆಯ ಕಮಲಾವತಿಗೆ ಕೊಟ್ಟುಬಿಡುತ್ತಾಳೆ.

"ನಮ್ಮಲ್ಲಿ ಹಾಳಾದ್ರೆ ಅವರಲ್ಲಿ ಇರ್ತದಲ್ಲ" ಎಂಬುದು ಅವಳ ವಾದ.

"ಸರಿಯಾಗಿ ಇಟ್ರೆ ಹಾಳಾಗುದು ಎಂತಕ್ಕೆ?" ಎಂಬುದು ಮಹಾಮೇಧಾವಿಗಳ ಪ್ರತಿವಾದ.

ಈ ಮೇಧಾವಿಗಳ ಹಳೆಯ ಹಾರ್ಡ್ ಡಿಸ್ಕ್ ಮೇ ತಿಂಗಳಲ್ಲಿ ಟಿಕ್ ಟಿಕ್ ಎನ್ನತೊಡಗಿತು. ಅದರಲ್ಲಿ ಇದ್ದದ್ದು ತೀರಿಹೋದ ಅಮ್ಮ ಹಾಡಿದ ನಲವತ್ತಮೂರು ಮದುವೆ ಹಾಡುಗಳು. ನವೆಂಬರಿನಲ್ಲಿ ಮಗಳು ತನ್ಮಯಿಯ ಮದುವೆ. ಧಾರೆಯ ಹೊತ್ತಿಗೆ ಅಜ್ಜಿಯ ಸ್ವರವೇ ಕೇಳಬೇಕೆಂದು ಅವಳ ಹಟ. ಆ ಸ್ವರ ಬೇರೆಲ್ಲೂ ಇರಲಿಲ್ಲ.

ಗಂಡ ಹೆಂಡತಿ ಹಳೆಯ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಪುತ್ತೂರಿನ ದರ್ಬೆಗೆ ಹೋದರು. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರಿಝ್ವಾನಾಳಿಗೆ ಶ್ಯಾಮಣ್ಣನವರು ಕೇಳಿದಷ್ಟು ಪ್ರಶ್ನೆಗಳನ್ನು ಅಳಿಯನಾಗುವವನಿಗೂ ಕೇಳಿರಲಿಲ್ಲ.

"ನಂಬಿಕೆ, ವೇಗ, ಜಾಗ. ಮೂರೂ ಬೇಕು."

"ಮೂರೂ ಇರುದು ಉಂಟು ಸರ್, ಕ್ರಯವೂ ಹಾಗೇ ಉಂಟು. ಈ ಎಸ್ಎಸ್‌ಡಿ ಬೇಗ ಓಡ್ತದೆ, ಬಿದ್ರೂ ಸುಲಭಕ್ಕೆ ಹಾಳಾಗುದಿಲ್ಲ. ಆದ್ರೆ ಜಾಗ ಅರ್ಧ ಟಿಬಿ. ಈ ಹಾರ್ಡ್ ಡಿಸ್ಕ್ ನಾಲ್ಕು ಟಿಬಿ, ಸ್ವಲ್ಪ ನಿಧಾನ. ಒಳಗೆ ತಿರುಗುವ ತಟ್ಟೆ ಉಂಟು, ಬೀಳಿಸ್ಬಾರದು."

"ನಾನು ಬೀಳಿಸುವ ಜನ ಅಲ್ಲ."

"ಅದರಲ್ಲಿ ಎಂತ ಹಾಕುದು ಸರ್?"

"ನಲವತ್ತಮೂರು ಹಾಡು."

ರಿಝ್ವಾನಾ ಕೈಯಲ್ಲಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟಳು. "ಅದಕ್ಕೆ ಒಂದು ಪೆನ್ ಡ್ರೈವಿನ ಮೂಲೆ ಸಾಕು."

"ನನ್ನ ಅಮ್ಮನ ಸ್ವರವನ್ನು ಪೆನ್ ಡ್ರೈವಿನಲ್ಲಿ ತುರುಕುದಾ? ಅವರು ಹಾಡಿದ್ರೆ ನಾಲ್ಕು ಮನೆಗೆ ಕೇಳ್ತಿತ್ತು ಮಾರಾಯ್ತಿ."

ಹಾಗೆ ಮನೆಗೊಂದು ಟಿಬಿಯ ಲೆಕ್ಕದಲ್ಲಿ ನಾಲ್ಕು ಟಿಬಿಯೇ ಆಯಿತು. ಬಳಿಕ ಅವರು ವಾರಂಟಿಯ ಸಣ್ಣ ಅಕ್ಷರಗಳಲ್ಲಿ ಅರ್ಧ ಗಂಟೆ ಮುಳುಗಿದರು. ಅಷ್ಟು ಹೊತ್ತೂ ಗೋದಾವರಿ ಚೀಲ ಹಿಡಿದು ರಿಝ್ವಾನಾಳ ಹತ್ತಿರ ಏನೋ ಪಿಸುಗುಟ್ಟುತ್ತಿದ್ದಳು. (ಬೀಜದ ವಿಷಯವೇ ಇರಬೇಕೆಂದು ಅವರು ತಲೆ ಕೆಡಿಸಿಕೊಳ್ಳಲಿಲ್ಲ.)

ಮನೆಗೆ ಬಂದವರೇ ಹಾಡುಗಳನ್ನೆಲ್ಲ ಹೊಸ ಡಿಸ್ಕಿಗೆ ದಾಟಿಸಿ, ಹಳೆಯದನ್ನು ಗುಜರಿಯವನಿಗೆ ಕೊಟ್ಟರು. ಒಂದೇ ಹಾಡು ಎರಡು ಕಡೆ ಇದ್ದರೆ ಜಾಗ ದಂಡ ಎಂಬುದು ಅವರ ಸಿದ್ಧಾಂತ.

ಜೂನ್ ಬಂತು. ಕಪಾಟಿನ ಬಟ್ಟೆಗೂ, ಚಪ್ಪಲಿಗೂ ಬೂಷ್ಟು ಹಿಡಿಯಿತು. ಡಿಸ್ಕಿಗೆ ತೇವ ತಾಗದ ಜಾಗ ಯಾವುದು? ಶ್ಯಾಮಣ್ಣನವರು ತಲೆಯೆತ್ತಿ ಅಡುಗೆಮನೆಯ ಮಾಡನ್ನು ನೋಡಿದರು. ಒಲೆಯ ಬಿಸಿ ತಾಗುವಂತೆ ಗೋದಾವರಿ ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಿದ್ದ ಬಲಿತ ಸಾಂಬಾರು ಸೌತೆಕಾಯಿಗಳು ಸಾಲಾಗಿ, ಆರೋಗ್ಯವಾಗಿ ನೇತಾಡುತ್ತಿದ್ದವು. ಸೌತೆಕಾಯಿ ಆರು ತಿಂಗಳು ಕೆಡದ ಜಾಗದಲ್ಲಿ ವಾರಂಟಿ ಇರುವ ವಸ್ತು ಕೆಟ್ಟೀತೇ? ಡಿಸ್ಕನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ಹಳೆಯ ಬಟ್ಟೆ ಸುತ್ತಿ, ಬಾಳೆನಾರಿನಲ್ಲಿ ಸೌತೆಕಾಯಿಗಳ ನಡುವೆ ಕಟ್ಟಿದರು. ಆ ಗಂಟು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಗೋದಾವರಿ, "ಹುಳಿಗೆ ಒಂದು ಸೌತೆಕಾಯಿ ತೆಗೆದುಕೊಡಿ" ಎಂದಳು. ಅವರು ಸ್ಟೂಲ್ ಹತ್ತಿ, ಒಂದು ಕಾಯಿಗೆ ಕೈ ಹಾಕಿ, ಪಕ್ಕದ ನಾರನ್ನು ಕತ್ತರಿಸಿದರು. ನಾಲ್ಕು ಟಿಬಿ ನೇರವಾಗಿ ಕಡೆಯುವ ಕಲ್ಲಿನ ಮೇಲೆ ಬಿತ್ತು.

ಕಂಪ್ಯೂಟರಿಗೆ ಸಿಕ್ಕಿಸಿದರೆ ಟಿಕ್ ಎನ್ನುವಷ್ಟು ಜೀವವೂ ಇರಲಿಲ್ಲ. ಶ್ಯಾಮಣ್ಣನವರು ಮಣೆಯ ಮೇಲೆ ಕುಳಿತುಬಿಟ್ಟರು. ಅಮ್ಮ ಎರಡನೇ ಸಲ ತೀರಿಹೋದಂತೆ ಅನಿಸಿ ಕಣ್ಣು ತುಂಬಿತು. ಮಗಳಿಗೆ ಎಂತ ಹೇಳುವುದು?

ಗೋದಾವರಿ ಬೈಯಲಿಲ್ಲ. ಹಿತ್ತಿಲಿಗೆ ಹೋಗಿ ಬೇಲಿಯಾಚೆಗೆ ಕೂಗಿದಳು. "ಕಮಲಾವತೀ, ನಾನು ಕೊಟ್ಟ ಅಲಸಂಡೆ ಬೀಜದ ಪೊಟ್ಟಣ ಸ್ವಲ್ಪ ತನ್ನಿ."

ಕಮಲಾವತಿ ತಂದ ಪೊಟ್ಟಣದಿಂದ ಬೂದಿ ಮೆತ್ತಿದ ಒಂದು ಪೆನ್ ಡ್ರೈವ್ ಹೊರಬಂತು. ದರ್ಬೆಯಲ್ಲಿ ಗಂಡ ವಾರಂಟಿ ಓದುತ್ತಿದ್ದಾಗ ಗೋದಾವರಿ ಚೀಲದ ಹಳೆಯ ಡಿಸ್ಕಿನಿಂದ ಮಾಡಿಸಿಕೊಂಡ ನಕಲು. ಒಂದಲ್ಲ, ಎರಡು. ಇನ್ನೊಂದು ಅವಳದೇ ಅಕ್ಕಿ ಡಬ್ಬಿಯಲ್ಲಿತ್ತು.

ಸಿಕ್ಕಿಸಿದ ಕೂಡಲೇ ಅಮ್ಮ ಹಾಡಿದರು. ನಾಲ್ಕು ಮನೆಗೆ ಕೇಳುವ ಅದೇ ಸ್ವರ. ಮೂವರೂ ನಿಂತಲ್ಲೇ ನಿಂತು ಕೇಳಿದರು. ನಂಬಿಕೆ, ವೇಗ, ಜಾಗ ಮೂರೂ ಇರುವುದು ಇಪ್ಪತ್ತೇಳು ವರ್ಷದಿಂದ ತನ್ನ ಮನೆಯಲ್ಲೇ ಓಡಾಡುತ್ತಿದೆ ಎಂದು ಶ್ಯಾಮಣ್ಣನವರಿಗೆ ಆಗ ಹೊಳೆಯಿತು.

"ಗೋದಾವರಿ, ನಿನ್ನ ಬುದ್ಧಿಗೆ ನಾನು ಸೋತೆ," ಎಂದು ಅವರು ಕಣ್ಣೊರೆಸಿಕೊಂಡರು. "ಇನ್ನು ಇದು ನನ್ನ ಹತ್ತಿರ ಇರ್ಲಿ. ಜಾಗ್ರತೆಯಲ್ಲಿ ಇಡ್ತೇನೆ."

ಕಮಲಾವತಿ ಅದನ್ನು ಕಳಚಿ ಮತ್ತೆ ಪೊಟ್ಟಣಕ್ಕೆ ಹಾಕಿದಳು. "ಅದು ಆಗುದಿಲ್ಲ ಅಣ್ಣ. ಮೇಲೆ ಬರೆದದ್ದು ನೋಡಿ."

ಗೋದಾವರಿಯ ದುಂಡಗಿನ ಅಕ್ಷರ: "ಅತ್ತೆಯ ಹಾಡು, ಮದುವೆಗೆ. ಇವರು ಕೇಳಿದರೆ ಕೊಡಬೇಡಿ."