ಮಾರಪ್ಪ ತಂದ ಆನೆ

ಮಾತು ಕೊಟ್ಟದ್ದೇ ತಪ್ಪಾಯಿತು. ಹತ್ತನೇ ಕ್ಲಾಸು ಪಾಸಾದರೆ ಏನು ಕೇಳಿದರೂ ಆಗಲಿ ಎಂದಿದ್ದ ಮಾರಪ್ಪ. ಮಗಳು ದೀಪಶ್ರೀ ಸೈಕಲ್ಲು ಕೇಳುತ್ತಾಳೆ ಎಂದುಕೊಂಡಿದ್ದ. ಅವಳು ಕೇಳಿದ್ದೇ ಬೇರೆ: ಮೂವರು ಗೆಳತಿಯರ ಜೊತೆ ಬೋಳುಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು ಒಂದು ರಾತ್ರಿ ಕ್ಯಾಂಪು. ದೊಡ್ಡವರು ಯಾರೂ ಬರಬಾರದು.

ತಾಯಿಯಿಲ್ಲದ ಹುಡುಗಿ, ಈವರೆಗೆ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಮಾರಪ್ಪ ಹೂಂ ಎಂದ. ಆ ಹೂಂ ಹಾಲಿನ ಕ್ಯಾನಿಗಿಂತ ಮೊದಲೇ ಕಡಹಿನಬೈಲಿನ ಮನೆಮನೆಗೂ ತಲುಪಿತು.

"ನಿಂಗೆ ತಲೆ ಸಮ ಇದ್ಯನಾ ಮಾರಾಯ?" ಎಂದಳು ಪಕ್ಕದ ಮನೆಯ ಕಮಲಕ್ಕ. "ಗುಡ್ಡದ ಮೇಲೆ ನಾಲ್ಕು ಹೆಣ್ಣುಮಕ್ಕಳು. ಕರಡಿ ಬಂದ್ರೆ ನಿನ್ನ ಹೂಂ ಹೋಗಿ ತಡೀತದಾ?"

"ಬ್ಯಾಡ ಅಂದ್ಬಿಡು, ಅಷ್ಟೇ" ಎಂದ ಅಂಗಡಿ ಕೃಷ್ಣಪ್ಪ.

"ಹಂಗಂದ್ರೆ ಇನ್ನೊಂದು ಸಲ ಅವಳು ನನ್ನ ಮಾತು ನಂಬ್ತಾಳಾ?"

ಕೃಷ್ಣಪ್ಪ ಬೆಲ್ಲ ತೂಗುವುದರಲ್ಲಿ ಮುಳುಗಿದ.

ಹೊರಡುವ ದಿನ ಮಾರಪ್ಪನಿಗೆ ಉಪಾಯ ಹೊಳೆಯಿತು. ಬೇಡ ಎನ್ನುವುದು ತಾನಲ್ಲ, ಆನೆ. ಬೆಳಕು ಹರಿಯುತ್ತಲೇ ಹಂಡೆಯ ಮುಚ್ಚಳ, ಒಂದು ತೆಂಗಿನ ಚಿಪ್ಪು ಹಿಡಿದು ಗುಡ್ಡದ ಬುಡಕ್ಕೆ ಹೋದ. ಹಿಂದಿನ ದಿನದ ಮಳೆಗೆ ದಾರಿ ಮೆತ್ತಗಾಗಿತ್ತು. ಮುಚ್ಚಳ ಒತ್ತಿದರೆ ಪಾದ, ಅದರ ಅಂಚಿಗೆ ಚಿಪ್ಪು ಒತ್ತಿದರೆ ಉಗುರು. ಮೂವತ್ತು ವರ್ಷ ಗದ್ದೆ ನಾಟಿ ಮಾಡಿದವನು. ಬಗ್ಗಿದ ಮೇಲೆ ಹಿಂದೆ ಹಿಂದೆ ಸರಿಯುವುದೇ ಅಭ್ಯಾಸ. ಗುಡ್ಡಕ್ಕೆ ಮುಖ ಮಾಡಿ ಹಾಗೆಯೇ ಸರಿಯುತ್ತ, ಕೈಗೆ ಹತ್ತಿರವಾದ ತನ್ನ ಕಡೆಯ ಅಂಚಿಗೇ ಉಗುರು ಒತ್ತುತ್ತ, ತನ್ನ ಮನೆಯ ಹಿಂದಿನ ಬಾಳೆಗಿಡಗಳ ತನಕ ಬಂದ. ಸೊಂಟ ಹಿಡಿದುಕೊಂಡು ಎದ್ದು ನೋಡಿದ. ಆನೆಯೇ ಬಂದು ನೋಡಿದರೂ ತನ್ನದೇ ಎನ್ನಬೇಕು, ಹಾಗಿತ್ತು.

ಎಂಟು ಗಂಟೆಗೆ ಕೃಷ್ಣಪ್ಪನ ಅಂಗಡಿಯಲ್ಲಿ, "ಗುಡ್ಡದ ದಾರೀಲಿ ಎಂತದೋ ಹೆಜ್ಜೆ ಕಂಡ ಹಾಗಾಯ್ತು" ಎಂದ. ಒಂಬತ್ತಕ್ಕೆ ಊರೇ ಸೇರಿತ್ತು. ಹುಡುಗಿಯರು ಚೀಲ ಹೊತ್ತು ನಿಂತಿದ್ದರು. ದೀಪಶ್ರೀಯ ಮುಖ ನೀರು ಕಾಣದ ವೀಳ್ಯದ ಬಳ್ಳಿಯಂತೆ ಜೋತಿತ್ತು. ಮಾರಪ್ಪ ಆ ಕಡೆ ನೋಡಲಿಲ್ಲ.

"ಚೀಲ ಇಳಿಸ್ರೇ, ಮುಗೀತು ನಿಮ್ಮ ಕ್ಯಾಂಪು" ಎಂದಳು ಕಮಲಕ್ಕ.

ಅಷ್ಟರಲ್ಲಿ ಕಾಡಿನ ವಾಚರ್ ಸುಂದರೇಶ್ ಜೀಪಿನಲ್ಲಿ ಬಂದಿಳಿದ. ಹೆಜ್ಜೆ ಹಿಡಿದು ಗುಡ್ಡದ ಬುಡಕ್ಕೆ ಹೋದ, ತಿರುಗಿ ಬಾಳೆಗಿಡದ ತನಕ ಬಂದ, ಕೂತು ನೋಡಿದ.

"ಉಗುರು ಎತ್ತಲೋ ಆನೆ ಅತ್ತ. ಇದು ಗುಡ್ಡಕ್ಕೆ ಹೋದದ್ದಲ್ಲ, ಆ ಕಡೆಯಿಂದ ಊರಿಗೆ ಬಂದದ್ದು. ಮಾರಪ್ಪನ ಮನೆ ಆಸುಪಾಸಲ್ಲೇ ಎಲ್ಲೋ ಇದೆ."

ಮಾರಪ್ಪ ಮುಂದೆ ಬಂದ. "ಹಂಗಾದ್ರೆ ಗುಡ್ಡ?"

"ಅದರಷ್ಟು ಸೇಫ್ ಜಾಗ ಈಗ ಇನ್ನೊಂದಿಲ್ಲ ಮಾರಾಯ. ಬೋಳುಗುಡ್ಡದಲ್ಲಿ ಆನೆಗೆ ತಿನ್ನಲಿಕ್ಕೆ ಎಂತ ಇದೆ? ಮಕ್ಕಳನ್ನು ಬೇಗ ಹತ್ತಿಸಿ. ಅದು ವಾಪಸು ಹೋದ ಹೆಜ್ಜೆ ಸಿಗೋ ತನಕ ಯಾರೂ ಇಳಿಯೋದು ಬೇಡ."

ಬಾರದ ಆನೆ ವಾಪಸು ಹೋಗುವುದು ಹೇಗೆ? ಮಾರಪ್ಪ ಏನೋ ಹೇಳಲು ಹೊರಟ. ಕಮಲಕ್ಕ ಆಗಲೇ ತನ್ನ ಮೊಮ್ಮಗಳಿಗೂ ಕಂಬಳಿ ಸುತ್ತಿಕೊಡುತ್ತಿದ್ದಳು. "ನೀನೂ ಹೋಗು ಪುಟ್ಟಿ. ಊರಿಗಿಂತ ಗುಡ್ಡನೇ ವಾಸಿ."

ಮಧ್ಯಾಹ್ನದಿಂದ ಮಾರಪ್ಪ ಮೂರು ಸಲ ಹಿತ್ತಲ ಬಾಗಿಲಿಗೆ ಹೋದ. ವಾಪಸು ಹೆಜ್ಜೆಯನ್ನೂ ತಾನೇ ಒತ್ತಬೇಕಲ್ಲ. ಮೂರು ಸಲವೂ ಅವನನ್ನು ಕಾಯಲು ಕೂತಿದ್ದ ಕೃಷ್ಣಪ್ಪ ರಟ್ಟೆ ಹಿಡಿದು ಎಳೆದುಕೊಂಡು ಬಂದ. "ಸಾಯ್ಬೇಕಂತ ಇದ್ಯನಾ? ಆ ಹುಡುಗಿಗೆ ಇರೋದು ನೀನೊಬ್ಬ."

ಹೊತ್ತು ಇಳಿಯುವಾಗ ಗೆಳತಿಯ ಫೋನಿನಿಂದ ದೀಪಶ್ರೀ ಮಾತಾಡಿದಳು.

"ಅಪ್ಪಾ, ಉಂಡ್ಯಾ? ಬಾಗಿಲು ಭದ್ರ ಹಾಕ್ಕೊ. ನಮ್ಮ ಯೋಚನೆ ಬೇಡ, ಎಷ್ಟು ದಿನ ಆದ್ರೂ ಇರ್ತೀವಿ. ವಾಚರಣ್ಣ ಅಕ್ಕಿ ಕಳಿಸಿದಾರೆ." ಮತ್ತೆ ಕೇಳಿದಳು, "ಒಬ್ಬನ್ನೇ ಬಿಟ್ಟು ಬಂದೆ. ನಿಂಗೆ ಹೆದ್ರಿಕೆ ಆಗ್ತಾ ಇದ್ಯಾ?"

"ಹೌದು ಮಗಾ" ಎಂದ ಮಾರಪ್ಪ.

ಬೆಳಗಿನಿಂದ ಅವನು ಆಡಿದ ಮೊದಲ ನಿಜ ಅದು.