ಕೆಂಭಾವಿ ಟೀಮಿನ ಮ್ಯಾನೇಜರಗಿರಿ

ಚೆಂಡು ಒದ್ದವನಿಗಿ ನಗು ತಾನಾಗೇ ಗಂಟು ಬೀಳ್ತದ. ನನಗಂತೂ ಆಡೋ ಮುಂದೂ ಬಿದ್ದದ, ಆಡ್ಸೋ ಮುಂದೂ ಬಿದ್ದದ. ಕೆಂಭಾವಿ ಫುಟ್‌ಬಾಲ್ ಟೀಮಿನ್ಯಾಗ ನಾ ಮೊದಲ ಆಟಗಾರ, ಆಮ್ಯಾಲ ಮ್ಯಾನೇಜರ. ನನ್ನಂಗ ಒದಿಯವ ಸುರಪುರ ತಾಲೂಕಿನ್ಯಾಗ ಇನ್ನಾ ಹುಟ್ಟಿಲ್ಲ. ನೀವು ನಂಬದಿದ್ರ ಬಿಡ್ರಿ, ಚೆಂಡಿಗಿ ಗೊತ್ತದ. ಈ ಮ್ಯಾನೇಜರಗಿರಿ ಒಮ್ಮಿ ಕೈ ಬಿಟ್ಟು ಹೋಗೋದಿತ್ತು. ಉಳಿಸಿದವರಿಗಿ ಶರಣು ಹೇಳಬೇಕಂತೇ ಇದನ್ನ ಬರ್ಯಾಕತ್ತೀನಿ.

ಚೆಂಡು ಹಿಡಿದ ಸೀಟು

ನನ್ನ ಬಲಗಾಲಿನ ಜೋರು ಹ್ಯಾಂಗಿತ್ತಂದ್ರ, ಒಮ್ಮಿ ಒದ್ದ ಚೆಂಡು ಗೋಲಿನ ಮ್ಯಾಲ ಹಾದು, ಬೇವಿನಗಿಡ ದಾಟಿ, ನಿಂತಿದ್ದ ಶಹಾಪುರ ಬಸ್ಸಿನ ಕಿಟಕ್ಯಾಗ ಹೊಕ್ಕಿತು. ನಾವು ಓಡಿ ಹೋಗೋದ್ರಾಗ ಬಸ್ಸು ಬಿಟ್ಟಿತ್ತು. ಇದ್ದದ್ದು ಅದೊಂದೇ ಚೆಂಡು. ಎರಡೂ ಟೀಮಿನವರು ಗಿಡದ ನೆಳ್ಳಿಗಿ ಕುಂತ್ವಿ. ಸಂಜಿಮುಂದ ಅದೇ ಬಸ್ಸು ತಿರುಗಿ ಬಂತು. ಕಂಡಕ್ಟರ ಚೆಂಡು ಹಿಡ್ಕೊಂಡು ಇಳದ.

"ಯಾರದ್ರೀ ಇದು?"

"ನಂದ್ರೀ. ಎಲ್ಲಿತ್ತು?"

"ಸೀಟಿನ ಮ್ಯಾಲ! ಟವೆಲ್ ಒಗದು ಸೀಟು ಹಿಡಿಯವ್ರನ್ನ ನೋಡೀನಿ, ಚೆಂಡು ಒಗದು ಹಿಡಿಯವ್ರನ್ನ ಇವತ್ತೇ ನೋಡ್ದೆ. ಯಾರೋ ಹಿಡದಾರಂತ ಶಹಾಪುರತನಕ ಮಂದಿ ನಿಂತು ಹೋದ್ರು, ಚೆಂಡು ಕುಂತು ಹೋತು."

ಕಾಕಿ ಕೈಗುಣ

ಮೊಣಕಾಲು ಹೋದ ಮ್ಯಾಲ ಹುಡುಗ್ರು ಬಂದು, "ಕಾಕಾ, ಒದ್ದದ್ದು ಸಾಕು, ಈಗ ಒದಸ್ರಿ" ಅಂತ ಮ್ಯಾನೇಜರನ ಮಾಡಿದ್ರು. ಆ ಉಪಕಾರ ಮರಿಯಾಂಗಿಲ್ಲ.

ಮೊದಲ ಮ್ಯಾಚು ಕಕ್ಕೇರಾದವರ ಕೂಡ. ಅರ್ಧ ಆಟಕ್ಕ ನಾವು ಎರಡು ಗೋಲು ಮುಂದ. ಬ್ಯಾರೆ ಮ್ಯಾನೇಜರರು ಇಂಟರ್‌ವಲ್ಲಿನ್ಯಾಗ ಲಿಂಬಿಹಣ್ಣು ಕೊಡ್ತಾರಂತ. ನನ್ನ ಹುಲಿಗಳಿಗಿ ಲಿಂಬಿಹಣ್ಣೇ? ಮನಿಯಾಕಿ ಕರದು ಕೊಟ್ಟಿದ್ದ ಮಿರ್ಚಿ ಡಬ್ಬಿ ತುಂಬ ಮುಂದ ಇಟ್ಟೆ. ತಿಂದ್ರು. ಆಮ್ಯಾಲ ಓಡಿದ್ರು ಓಡಿದ್ರು, ಚೆಂಡಿನ ಹಿಂದಲ್ಲ, ನೀರಿನ ಕೊಡದ ಹಿಂದ. ನಮ್ಮ ಮ್ಯಾಲ ಐದು ಗೋಲು ಬಿದ್ವು.

ಕಕ್ಕೇರಾದ ಕ್ಯಾಪ್ಟನ್ ಬಂದು ಕೈ ಮುಗದ: "ಕಾಕಿಗಿ ಶರಣು ಹೇಳ್ರಿ. ಅವರ ಕೈಗುಣದಿಂದೇ ಗೆದ್ದೇವಿ."

ಮಾರ್ಕು

ಸೋತು ಬಂದ ಮ್ಯಾಲ ಊರ ಹಿರ್ಯಾರು ಕೂಡಿ ಹೇಳಿಬಿಟ್ರು: "ಮುಂದಿನ ಮ್ಯಾಚಿನ್ಯಾಗ ಶಹಾಪುರದವರ ಕೈಯಾಗ ಸೋತ್ರ ಮ್ಯಾನೇಜರಗಿರಿ ಬ್ಯಾರೆಯವ್ರಿಗಿ."

"ನೋಡೂಣು" ಅಂತ ಮೀಸಿ ತಿರುವಿದೆ. ಖರೇ ಹೇಳ್ತೀನಿ, ಮೈದಾನ ಬಿಟ್ರ ಎಲ್ಲಿ ಕುಂದ್ರಬೇಕಂತ ನನಗ ತಿಳಿಯಂಗಿಲ್ಲ.

ಶಹಾಪುರದ ಹತ್ತನೇ ನಂಬರಿನವ ಮೊಲದಂಗ ಓಡವ. ನಮ್ಮ ಬ್ಯಾಕ್ ಆಡವ ಕುರಿ ಕಾಯೋ ಗಂಡಸು, ಎರಡು ಮಕ್ಕಳ ತಂದಿ, ಹೇಳಿದ ಮಾತು ಮೀರದವ. ಅವನಿಗಂದೆ:

"ಹತ್ತನೇ ನಂಬರಿನವಗ ಚಲೋತ್ನಂಗ ಮಾರ್ಕ್ ಮಾಡಪಾ. ತಪ್ಪಿಸ್ಕೊಂಡು ಹೋಗಬಾರ್ದು."

"ಆತ್ರೀ ಕಾಕಾ."

ನಮ್ಮ ಆಟದಾಗ ಮಾರ್ಕ್ ಅಂದ್ರ ಅವನ ಬೆನ್ನು ಬಿಡದಂಗ ಓಡೋದು. ಕುರಿ ಕಾಯವ್ರಿಗಿ ಮಾರ್ಕ್ ಅಂದ್ರ ಕುರಿ ಬೆನ್ನಿಗಿ ಹಚ್ಚೋ ಕೆಂಪು ಬಣ್ಣ! ಆಟ ಶುರುವಾಗೋ ಮೊದಲ ಕೈ ಕುಲುಕೋ ಮುಂದ ನಮ್ಮವ ಆ ಹತ್ತನೇ ನಂಬರಿನವನ ಅಪ್ಪಿಕೊಂಡು ಬೆನ್ನು ತಟ್ಟಿದ. ಐದೂ ಬೆರಳು ಕೆಂಪಗ ಮೂಡಿದ್ವು.

ರೆಫ್ರಿ ಕೇಳಿದ, "ಇದೇನೋ?"

"ಮ್ಯಾನೇಜರ ಹೇಳ್ಯಾರ್ರೀ. ಇನ್ನ ಯಾವ ಹಿಂಡಿನ್ಯಾಗ ಹೊಕ್ರೂ ಸಿಗ್ತಾನ."

ರೆಫ್ರಿಗಿ ನಕ್ಕು ಸೀಟಿ ಊದಲಿಕ್ಕೇ ಆಗ್ಲಿಲ್ಲ. ಹತ್ತನೇ ನಂಬರಿನವ ಬೆನ್ನು ನೋಡ್ಕೊಳ್ಳಾಕ ಕುತ್ತಿಗಿ ತಿರುವಿ ತಿರುವಿ ಗಿರಗಿಟ್ಲಿ ಆದ. ಅವನ ಟೀಮಿನವರು ಹೊಟ್ಟಿ ಹಿಡ್ಕೊಂಡು ನಗೋದ್ರಾಗ ನಮ್ಮವರು ಒಂದು ಗೋಲು ಹೊಡದ್ರು. ಅದೊಂದರಲ್ಲೇ ಗೆದ್ವಿ. ಹಿರ್ಯಾರು ಬಂದು, "ನೀವಿರೋತನಕ ನೀವೇ ಮ್ಯಾನೇಜರ" ಅಂದ್ರು. ನಾ ಆ ಕುರಿಯವನ ಕೆಂಪು ಕೈ ಹಿಡದು ಕಣ್ಣಿಗಿ ಒತ್ತಿಕೊಂಡೆ.

ಅಷ್ಟೊತ್ತಿಗಿ ಹತ್ತನೇ ನಂಬರಿನವ ಬಂದು ಕೇಳಿದ, "ಕಾಕಾ, ಸೋತೆವು, ಇರ್ಲಿ. ಈ ಬಣ್ಣ ಯಾವಾಗ ಹೋಗ್ತದ್ರೀ?"

ನಮ್ಮ ಕುರಿಯವ ಅವನ ಬೆನ್ನು ಸವರಿ, ಭಾಳ ವಿಚಾರ ಮಾಡಿ ಹೇಳಿದ:

"ಉಣ್ಣೆ ಕತ್ತರ್ಸೋತನಕ ಹೋಗಂಗಿಲ್ರೀ."